ಮೀಟಿಂಗಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಬಳಿಯುವ ಮೊದಲು

ಪ್ರಶ್ನೆ: ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಈಚೆಗೆ ಬಡ್ತಿ ಸಿಕ್ಕಿ, ಸೋಮವಾರದ ರಿವ್ಯೂ ಮೀಟಿಂಗ್ ನಡೆಸುವ ಹೊಣೆ ನನ್ನ ಮೇಲೆ ಬಿದ್ದಿದೆ. ನಾನು ಎರಡನೇ ವಾಕ್ಯಕ್ಕೆ ಹೋಗುವಷ್ಟರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ‘ಪಾಯಿಂಟಿಗೆ ಬನ್ನಿ ಮೇಡಂ’ ಅನ್ನುತ್ತಾರೆ. ಪರ್ಚೇಸಿನವರದು ಎಲ್ಲದಕ್ಕೂ ‘ಡೇಟಾ ಎಲ್ಲಿ?’ ಮಾರ್ಕೆಟಿಂಗ್ ಹುಡುಗ ಒಂದು ವಿಷಯ ಹಿಡಿದರೆ ಊರೆಲ್ಲ ಸುತ್ತಿ ಬರುತ್ತಾನೆ. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಒಳಗೆ ಬಾಯಿಯೇ ಬಿಡುವುದಿಲ್ಲ. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ‘ಅದು ಆಗಲ್ಲಮ್ಮ’ ಅನ್ನುತ್ತಾರೆ. ಪುಣೆಯ ಹೆಡ್ ಆಫೀಸಿನವರೂ ಕಾಲ್‌ನಲ್ಲಿ ಇರುತ್ತಾರೆ. ಎಚ್‌ಆರ್‌ನವರು ಒಂದು ದಿನದ ತರಬೇತಿ ಕೊಡಿಸಿ ನಮ್ಮನ್ನೆಲ್ಲ ಕೆಂಪು, ಹಳದಿ, ಹಸಿರು, ನೀಲಿ ಎಂದು ವಿಂಗಡಿಸಿದರು. ಅವತ್ತು ಎಲ್ಲರೂ ನಕ್ಕೆವು, ಫೋಟೊ ತೆಗೆಸಿಕೊಂಡೆವು. ಸೋಮವಾರ ಬಂದರೆ ಮತ್ತೆ ಅದೇ ಕಥೆ. ಒಬ್ಬೊಬ್ಬರ ಸ್ವಭಾವಕ್ಕೆ ತಕ್ಕ ಹಾಗೆ ಮಾತಾಡುವುದು ಹೇಗೆ? ಹಾಗೆ ಮಾತಾಡಿದರೆ ಅದು ನಾಟಕ ಆಗುವುದಿಲ್ಲವೇ?

ಉತ್ತರ: ನಾಲ್ವರಲ್ಲಿ ನನಗೆ ಮೊದಲು ಕುತೂಹಲ ಹುಟ್ಟಿಸಿದವರು ಸ್ಟೋರ್ಸಿನ ಹಿರಿಯರು. ನೀವು ಅವರನ್ನು ಮಾತಾಡದವರ ಪಟ್ಟಿಗೆ ಸೇರಿಸಿದ್ದೀರಿ. ಆದರೆ ನೀವೇ ಬರೆದಿರುವ ಹಾಗೆ ಅವರು ಮಾತಾಡುತ್ತಾರೆ, ಅದೂ ಖಡಾಖಂಡಿತವಾಗಿ. ಕಾರಿಡಾರಿನಲ್ಲಿ, ಕನ್ನಡದಲ್ಲಿ, ‘ಅಮ್ಮ’ ಎಂದು ಕರೆಯಬಹುದಾದ ಒಬ್ಬರ ಎದುರು. ಹತ್ತು ಹೆಜ್ಜೆ ಹಿಂದೆ ಮೀಟಿಂಗ್ ರೂಮಿನಲ್ಲಿ ಇದ್ದವರೂ ಅವರೇ. ಅಷ್ಟು ದೂರದಲ್ಲಿ ಮನುಷ್ಯನ ಸ್ವಭಾವ ಬದಲಾಗುವುದಿಲ್ಲ. ಬದಲಾಗಿದ್ದು ಜಾಗ.

ಆ ರೂಮಿನೊಳಗೆ ಏನಿದೆ ಎಂದು ನೋಡಿ. ಪುಣೆಯವರು ಕಾಲ್‌ಗೆ ಬಂದ ತಕ್ಷಣ ಮಾತು ಇಂಗ್ಲಿಷಿಗೋ ಹಿಂದಿಗೋ ಜಾರಿರುತ್ತದೆ. ಹೇಳಿದ ಮಾತು ಸಂಜೆಯ ಮಿನಿಟ್ಸ್‌ನಲ್ಲಿ ಹೆಸರಿನ ಸಮೇತ ಬರುತ್ತದೆ. ಇವೆರಡಕ್ಕಿಂತ ದೊಡ್ಡದು ನಮ್ಮ ಬಹಳಷ್ಟು ಆಫೀಸುಗಳ ಒಂದು ಪದ್ಧತಿ: ತೊಂದರೆ ಇದೆ ಎಂದು ಯಾರು ಬಾಯಿಬಿಡುತ್ತಾರೋ ಅದನ್ನು ಸರಿಮಾಡುವ ಕೆಲಸವನ್ನೂ ಅವರ ತಲೆಗೇ ಕಟ್ಟುವುದು. ಮೂವತ್ತು ವರ್ಷ ಸರ್ವಿಸ್ ಮಾಡಿದವರು ಇದನ್ನು ಎಷ್ಟು ಸಲ ನೋಡಿರುತ್ತಾರೆ! ಸುಮ್ಮನಿರುವುದು ಅಲ್ಲಿ ಬುದ್ಧಿವಂತಿಕೆ.

ತರಬೇತಿಯವರು ಅವರಿಗೆ ‘ಹಸಿರು’ ಕೊಟ್ಟಿರಬೇಕು. ಶಾಂತ, ಹೊಂದಿಕೊಂಡು ಹೋಗುವವರು ಅಂತ. ಕೆಂಪು ಅವಸರದವರಿಗೆ, ಹಳದಿ ಮಾತುಗಾರರಿಗೆ, ನೀಲಿ ಅಂಕಿಅಂಶ ಕೇಳುವವರಿಗೆ. ಈ ನಾಲ್ಕು ಬಣ್ಣಗಳ ವಂಶವೃಕ್ಷ ಸ್ವಲ್ಪ ತಮಾಷೆಯಾಗಿದೆ. ಮನುಷ್ಯರ ನಡವಳಿಕೆಯನ್ನು ನಾಲ್ಕು ಬಗೆಯಾಗಿ ನೋಡುವ, ಈಗ ‘ಡಿಸ್ಕ್’ ಎಂದು ಕರೆಯುವ ಮಾದರಿಯ ಮೂಲ ಅಮೆರಿಕದ ವಿಲಿಯಂ ಮೌಲ್ಟನ್ ಮಾರ್ಸ್ಟನ್ 1928ರಲ್ಲಿ ಬರೆದ ಪುಸ್ತಕ. ಸುಳ್ಳು ಹೇಳುವವರ ರಕ್ತದೊತ್ತಡ ಅಳೆಯುವ ಪ್ರಯೋಗ ಮಾಡಿದವರೂ, 1941ರಲ್ಲಿ ವಂಡರ್ ವುಮನ್ ಎಂಬ ಕಾಮಿಕ್ಸ್ ನಾಯಕಿಯನ್ನು ಸೃಷ್ಟಿಸಿದವರೂ ಇವರೇ. ಆದರೆ ಪ್ರಶ್ನಾವಳಿ ಕೊಟ್ಟು ನೌಕರರನ್ನು ವಿಂಗಡಿಸುವ ಪರೀಕ್ಷೆಯನ್ನು ಮಾರ್ಸ್ಟನ್ ಮಾಡಲಿಲ್ಲ. ಅದನ್ನು ಆಮೇಲೆ ಬೇರೆಯವರು ಕಟ್ಟಿದರು. ಹದಿನಾರು ಬಗೆ ಹೇಳುವ ಮೈಯರ್ಸ್–ಬ್ರಿಗ್ಸ್ ಪರೀಕ್ಷೆಯದು ಬೇರೆ ಕಥೆ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಅವರ ವಿಚಾರಗಳನ್ನು ಓದಿಕೊಂಡ ತಾಯಿ–ಮಗಳು ಸೇರಿ ರೂಪಿಸಿದ್ದು ಅದು. ಅದನ್ನು ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನಕ್ಕೆ ಬೇರೆಯೇ ಬಗೆ ಬರುತ್ತದೆ ಎಂಬ ದೂರು ಹಳೆಯದು.

ಹಾಗಾದರೆ ಅವತ್ತು ರಿಪೋರ್ಟ್ ಓದಿದಾಗ ‘ಅಯ್ಯೋ, ಥೇಟ್ ನಾನೇ!’ ಅನ್ನಿಸಿದ್ದು ಹೇಗೆ? 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ‘ನಿನ್ನ ವ್ಯಕ್ತಿತ್ವದ ವರದಿ’ ಎಂದು ಹಂಚಿದರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ವರದಿ, ಅದರ ಸಾಲುಗಳನ್ನು ಎತ್ತಿಕೊಂಡಿದ್ದು ಜ್ಯೋತಿಷ್ಯದ ಪುಸ್ತಕದಿಂದ. ಬೆಳಿಗ್ಗೆ ಟಿವಿಯಲ್ಲಿ ರಾಶಿಫಲ ಕೇಳಿಕೊಂಡೇ ತಿಂಡಿ ತಿನ್ನುವ ನಮಗೆ ಬಣ್ಣಗಳು ಬೇಗ ರುಚಿಸುವುದರಲ್ಲಿ ಆಶ್ಚರ್ಯವಿಲ್ಲ.

ತರಬೇತಿ ಪೂರ್ತಿ ದಂಡ ಅನ್ನುತ್ತಿಲ್ಲ. ಎಲ್ಲರೂ ನನ್ನ ಹಾಗೆ ಯೋಚಿಸುವುದಿಲ್ಲ ಎಂಬುದು ಒಂದು ದಿನದ ಮಟ್ಟಿಗಾದರೂ ತಲೆಗೆ ಹೋಯಿತಲ್ಲ, ಅಷ್ಟು ಲಾಭ. ಸಂಶೋಧಕರು ಹೆಚ್ಚು ನಂಬುವ ಐದು ಗುಣಗಳ ಮಾದರಿಯಲ್ಲೂ ಜನ ಬೇರೆ ಬೇರೆ ಎಂಬುದೇ ಇದೆ. ಆದರೆ ಅಲ್ಲಿ ಡಬ್ಬಿಗಳಿಲ್ಲ, ಅಳತೆಪಟ್ಟಿ ಇದೆ. ಹೆಚ್ಚಿನವರು ಆ ಪಟ್ಟಿಯ ಮಧ್ಯದಲ್ಲೇ ಎಲ್ಲೋ ನಿಲ್ಲುತ್ತಾರೆ. ಮೀಟಿಂಗಿನಲ್ಲಿ ಮಾತ್ರ ‘ಸರ್, ನೀವು ರೆಡ್ ಅಲ್ವಾ, ಅದಕ್ಕೇ’ ಎಂದು ಬಾಯಿತಪ್ಪಿಯೂ ಅನ್ನಬೇಡಿ. ಆಮೇಲೆ ಅವರು ಮಾಡಿದ್ದಕ್ಕೆಲ್ಲ ‘ನಾನು ರೆಡ್ಡು ಕಣ್ರೀ’ ಎಂಬ ಸಮಜಾಯಿಷಿ ಶುರುವಾಗುತ್ತದೆ.

ನಾನು ಬಣ್ಣದ ಬದಲು ಎರಡು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಈ ಮನುಷ್ಯ ಯೋಚಿಸಿ ಮಾತಾಡುವವರೋ, ಮಾತಾಡುತ್ತಾ ಯೋಚಿಸುವವರೋ? ಇವರಿಗೆ ತೀರ್ಮಾನ ಮೊದಲು ಬೇಕೋ, ಅಲ್ಲಿಗೆ ಬಂದ ದಾರಿ ಮೊದಲು ಬೇಕೋ? ಇವೆರಡನ್ನು ಗಮನಿಸುವುದಕ್ಕೆ ಪರೀಕ್ಷೆ ಬೇಡ, ಎರಡು ಸೋಮವಾರ ಸಾಕು. ಉಳಿದದ್ದು ಬಹುಪಾಲು ಸ್ವಭಾವವೇ ಅಲ್ಲ. ಭಾಷೆ, ಹುದ್ದೆ, ಗಡಿಯಾರ, ಮತ್ತು ಯಾರಿಗೆ ಏನು ಕೈಬಿಟ್ಟು ಹೋಗುವ ಭಯವಿದೆ ಎಂಬುದು.

ಒಂದು ಉದಾಹರಣೆ ಕಟ್ಟಿಕೊಂಡು ನಿಮ್ಮ ನಾಲ್ವರನ್ನೂ ಅದರೊಳಗೆ ಕೂರಿಸುತ್ತೇನೆ. ಶುಕ್ರವಾರದಿಂದ ಒಂದು ಶಾಫ್ಟ್‌ನಲ್ಲಿ ಹೊರವ್ಯಾಸ ಅಳತೆ ಮೀರಿ ರಿಜೆಕ್ಷನ್ ಏರಿದೆ. ನಿಮ್ಮ ಚಾರ್ಟಿನಲ್ಲಿ ಅದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಗುರುವಾರ ಹೊಸ ಸಪ್ಲೈಯರ್ ಕಡೆಯಿಂದ ಬೇರೆ ಹೀಟ್ ನಂಬರಿನ, ಅಂದರೆ ಬೇರೆ ಸಲ ಕರಗಿಸಿದ ಉಕ್ಕಿನ, ರಾಡ್ ಬಂದು ಇಳಿದದ್ದು ಸ್ಟೋರ್ಸಿನವರಿಗೆ ಗೊತ್ತು. ಆ ರಾಡ್ ಸ್ವಲ್ಪ ಗಡಸು, ಅದನ್ನು ಕೊರೆಯುವ ಇನ್ಸರ್ಟ್ (ಉಪಕರಣದ ಬದಲಿಸಬಹುದಾದ ಮೊನೆ) ಬೇಗ ಸವೆಯುತ್ತಿದೆ ಎಂದು ಆಪರೇಟರ್ ಟೀ ಕುಡಿಯುವಾಗ ಅವರಿಗೆ ಹೇಳಿಯೂ ಇದ್ದಾನೆ. ಸೋಮವಾರ ನೀವಿಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತಿರುತ್ತೀರಿ. ಎರಡು ತುಂಡು ಮಾಹಿತಿ ಒಂದಕ್ಕೊಂದು ಸೇರದೆ ಮೀಟಿಂಗ್ ಮುಗಿಯುತ್ತದೆ. ‘ಆಪರೇಟರ್‌ಗೆ ಟ್ರೈನಿಂಗ್ ಕೊಡಿ’ ಎಂದು ಮಿನಿಟ್ಸ್ ಬರುತ್ತದೆ.

ಇದು ನಿಮ್ಮ ಕಾರ್ಖಾನೆಯ ಶಾಪವೇನಲ್ಲ. 1985ರಲ್ಲಿ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಎಂಬಿಬ್ಬರು ಸಣ್ಣ ಸಣ್ಣ ಗುಂಪುಗಳಿಗೆ ಒಬ್ಬ ಅಭ್ಯರ್ಥಿಯನ್ನು ಆರಿಸುವ ಕೆಲಸ ಕೊಟ್ಟರು. ಕೆಲವು ಸಂಗತಿ ಎಲ್ಲರ ಕೈಲೂ ಇದ್ದವು, ಕೆಲವು ಒಬ್ಬೊಬ್ಬರ ಕೈಲಿ ಮಾತ್ರ. ಗುಂಪುಗಳು ಎಲ್ಲರಿಗೂ ಗೊತ್ತಿದ್ದುದನ್ನೇ ತಿರುಗಿಸಿ ಮುರುಗಿಸಿ ಚರ್ಚಿಸಿದವು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಬಹಳಷ್ಟು ಹೊರಗೇ ಬರಲಿಲ್ಲ, ಒಳ್ಳೆಯ ಅಭ್ಯರ್ಥಿಯನ್ನು ಎಷ್ಟೋ ಗುಂಪುಗಳು ಬಿಟ್ಟುಬಿಟ್ಟವು.

ಆದ್ದರಿಂದ ಸೋಮವಾರದ ಕೆಲಸ ಶನಿವಾರ ಮಧ್ಯಾಹ್ನ ಶುರುವಾಗಲಿ. ಸ್ಟೋರ್ಸಿಗೆ ನೀವೇ ಹೋಗಿ. ‘ಏನಾದ್ರೂ ಪ್ರಾಬ್ಲಂ ಇದೆಯಾ ಸರ್?’ ಎಂದರೆ ‘ಏನಿಲ್ಲಮ್ಮ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಗುರುವಾರ ಬಂದ ರಾಡ್ ಮೊದಲಿನದೇನಾ ಸರ್, ಏನಾದರೂ ಬದಲಾಗಿದೆಯಾ?’ ಎಂದು ಕೇಳಿ. ಅಭಿಪ್ರಾಯ ಕೇಳಿದರೆ ಹಿಂಜರಿಯುವವರು ಸಂಗತಿ ಕೇಳಿದರೆ ಹೇಳುತ್ತಾರೆ. ಆಮೇಲೆ ಒಪ್ಪಿಗೆ ಪಡೆಯಿರಿ: ‘ಸೋಮವಾರ ಇದನ್ನ ನಾನು ಎತ್ತಲಾ, ನೀವೇ ಹೇಳ್ತೀರಾ?’ ನೀನೇ ಹೇಳಮ್ಮ ಅಂದರೆ ನೀವೇ ಹೇಳಿ, ಅವರ ಹೆಸರು ಎಳೆಯಬೇಡಿ. ಹೇಳುತ್ತೇನೆ ಅಂದರೆ ಮೀಟಿಂಗಿನಲ್ಲಿ ಅವರ ಹತ್ತಿರ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಬರಲಿ. ಪುಣೆಯವರಿಗೆ ಎರಡು ಸಾಲಿನಲ್ಲಿ ನೀವು ಇಂಗ್ಲಿಷಿನಲ್ಲಿ ತಿಳಿಸಿ. ಅದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಕ್ರಿಯೆಯ ಹೊಣೆ ಬರೆಯುವಾಗ ಅವರ ಹೆಸರಿನ ಎದುರು ಹೊಸ ಕೆಲಸ ಬರೆಯಬೇಡಿ. ಮಾತಾಡಿದ್ದಕ್ಕೆ ದಂಡ ಬೀಳಲಿಲ್ಲ ಎಂಬುದನ್ನು ಒಂದು ಸಲ ಕಂಡರೆ ಮುಂದಿನ ಸಲ ತಾವಾಗಿ ಬಾಯಿ ತೆರೆಯಬಹುದು. ‘ನೋಡಿ, ಇವತ್ತು ಸರ್ ಮಾತಾಡಿದರು!’ ಎಂದು ಚಪ್ಪಾಳೆ ಹೊಡೆಸಿದರೆ ಮಾತ್ರ ಮುಗಿಯಿತು, ಇನ್ನೊಂದು ವರ್ಷ ತುಟಿ ಬಿಚ್ಚುವುದಿಲ್ಲ.

ಯಾರನ್ನು ಮೊದಲು ಕೇಳುತ್ತೀರಿ ಎಂಬುದೂ ಮುಖ್ಯ. ಹೊಸ ಸಂಗತಿಯ ಬಗ್ಗೆ ಪ್ರೊಡಕ್ಷನ್ ಮ್ಯಾನೇಜರ್ ಮೊದಲು ‘ಅದೆಲ್ಲ ಏನಿಲ್ಲ, ಆಪರೇಟರ್ ಮಿಸ್ಟೇಕು’ ಎಂದುಬಿಟ್ಟರೆ ಕೆಳಗಿನವರು ಯಾರೂ ಅಲ್ಲ ಅನ್ನುವುದಿಲ್ಲ. ಅಧಿಕಾರದ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪಿಕೊಳ್ಳುತ್ತಾರೆ ಎಂದು ಅಳೆಯುವ ಗೀರ್ಟ್ ಹಾಫ್‌ಸ್ಟೆಡ್ ಅವರ ಸೂಚ್ಯಂಕದಲ್ಲಿ ಭಾರತಕ್ಕೆ 77, ಅಮೆರಿಕಕ್ಕೆ 40. ಅದು ದೇಶದ ಸರಾಸರಿ, ನಿಮ್ಮ ಸ್ಟೋರ್ಸಿನವರ ಜಾತಕವಲ್ಲ. ಆದರೂ ದೊಡ್ಡವರು ಬಾಯಿಬಿಡುವ ಮೊದಲು ಚಿಕ್ಕ ಹುದ್ದೆಯವರನ್ನು ಕೇಳಿಬಿಡುವುದು ನಮ್ಮಲ್ಲಿ ಒಳ್ಳೆಯದು. ಹಾಗೆಂದು ಅಮೆರಿಕದವರು ಧೈರ್ಯವಂತರೇನೂ ಅಲ್ಲ. 1950ರ ದಶಕದ ಆರಂಭದಲ್ಲಿ ಸಾಲಮನ್ ಆ್ಯಶ್ ಅಲ್ಲಿನ ಕಾಲೇಜು ಹುಡುಗರಿಗೆ ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ ಕೊಟ್ಟರು. ಮೊದಲೇ ಹೇಳಿಕೊಟ್ಟಂತೆ ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರನೇ ಒಂದರಷ್ಟು ಉತ್ತರಗಳು ಅದೇ ತಪ್ಪಿಗೆ ವಾಲಿದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಸಾಕು, ಆ ವಾಲಾಟ ತೀರಾ ಇಳಿದುಹೋಯಿತು. ಸ್ಟೋರ್ಸಿನವರು ರಾಡ್ ವಿಷಯ ಎತ್ತಿದ ಮರುಕ್ಷಣ ‘ಹೌದು, ನನ್ನ ಚಾರ್ಟಿನಲ್ಲೂ ಶುಕ್ರವಾರದಿಂದಲೇ ಏರಿದೆ’ ಎನ್ನುವ ಆ ಒಬ್ಬರು ನೀವಾಗಿರಿ.

ಇನ್ನೊಂದು ಚಿಕ್ಕ ವಿಷಯ. ಪ್ರಶ್ನೆ ಕೇಳಿ ಸುಮ್ಮನೆ ಕಾಯಿರಿ. 1970ರ ದಶಕದಲ್ಲಿ ಮೇರಿ ಬಡ್ ರೋ ತರಗತಿಗಳಲ್ಲಿ ನೋಡಿದ್ದು: ಮೇಷ್ಟ್ರುಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಕಾಯುತ್ತಿದ್ದರು. ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಮಾತಾಡಿದರು. ಕಾಲ್‌ನಲ್ಲಿ ಪುಣೆಯವರು ಇದ್ದಾಗ ಮೂರು ಸೆಕೆಂಡಿನ ಮೌನ ಯುಗದಂತೆ ಕಾಣುತ್ತದೆ. ಕಾಣಲಿ ಬಿಡಿ, ನೋಟ್‌ಬುಕ್ ನೋಡುತ್ತಿರಿ.

ಈಗ ‘ಪಾಯಿಂಟಿಗೆ ಬನ್ನಿ’ ಎನ್ನುವವರು. ಬೆಳಿಗ್ಗೆಯ ಶಿಫ್ಟ್ ಓಡುತ್ತಿರುವಾಗ ಅವರು ನಿಮ್ಮೆದುರು ಕೂತಿರುತ್ತಾರೆ. ಕಣ್ಣು ನಿಮ್ಮ ಸ್ಲೈಡ್ ಮೇಲಿದ್ದರೂ ತಲೆ ಮಧ್ಯಾಹ್ನ ಹೊರಡಬೇಕಾದ ಲಾರಿಯ ಮೇಲಿರುತ್ತದೆ. ನೀವು ಹೇಳುವ ಕ್ರಮ ಹೀಗಿರಬಹುದು ಎಂದು ಊಹಿಸುತ್ತೇನೆ, ಏಕೆಂದರೆ ಕ್ವಾಲಿಟಿಯವರೆಲ್ಲ ಹೀಗೇ ಹೇಳುತ್ತಾರೆ: ‘ಶುಕ್ರವಾರ ಸೆಕೆಂಡ್ ಶಿಫ್ಟ್‌ನಲ್ಲಿ ರಿಜೆಕ್ಷನ್ ಜಾಸ್ತಿ ಆಗಿದ್ದನ್ನ ಗಮನಿಸಿದ್ವಿ. ಮೊದಲು ಗೇಜ್ ಕ್ಯಾಲಿಬ್ರೇಷನ್ ಚೆಕ್ ಮಾಡಿದ್ವಿ, ಅದು ಸರಿ ಇತ್ತು. ಆಮೇಲೆ ಆಪರೇಟರ್...’ ತನಿಖೆ ನಡೆದ ಕ್ರಮದಲ್ಲೇ ಕಥೆ. ರಿಪೋರ್ಟಿಗೆ ಅದು ಸರಿ. ಅವರಿಗೆ ಇದೆಲ್ಲ ‘ಈಗ ನಾನೇನು ಮಾಡಬೇಕು’ ಎಂಬುದರ ಮುಂದೆ ನಿಂತ ಟ್ರಾಫಿಕ್ ಜಾಮ್.

ತಿರುಗಿಸಿ ಹೇಳಿ ನೋಡಿ: ‘ಸರ್, ಹೊಸ ಲಾಟಿನ ರಾಡ್ ಇವತ್ತಿನಿಂದ ಹೋಲ್ಡ್ ಮಾಡಬೇಕು. ಹಳೇ ಸ್ಟಾಕ್ ಬುಧವಾರದ ತನಕ ಬರುತ್ತೆ, ಇವತ್ತಿನ ಡಿಸ್ಪ್ಯಾಚ್‌ಗೆ ತೊಂದರೆ ಇಲ್ಲ. ಇಲ್ಲಾಂದ್ರೆ ಹೊಸ ರಾಡೇ ಓಡಿಸೋಣ, ಆದ್ರೆ ಇನ್ಸರ್ಟ್ ಈಗಿನದಕ್ಕಿಂತ ಅರ್ಧ ಲೈಫ್‌ಗೇ ಬದಲಿಸಬೇಕು. ಯಾವುದು ಮಾಡೋಣ?’ ನಾಲ್ಕೇ ಮಾತು. ಅವರ ಲಾರಿಯ ಚಿಂತೆಗೆ ಎರಡನೇ ಮಾತಿನಲ್ಲೇ ಉತ್ತರವಿದೆ, ತೀರ್ಮಾನ ಅವರ ಕೈಲಿದೆ. ‘ಯಾಕೆ?’ ಎಂದು ಅವರೇ ಕೇಳುತ್ತಾರೆ. ಆಗ ನಿಮ್ಮ ಗೇಜಿನ ಕಥೆಯನ್ನು ಕೇಳುವ ವ್ಯವಧಾನವೂ ಇರುತ್ತದೆ. ಗಮನಿಸಿ, ಬುಧವಾರದ ತನಕ ಸ್ಟಾಕ್ ಬರುತ್ತದೆ ಎಂಬುದು ನಿಮಗೆ ಗೊತ್ತಾದದ್ದು ಶನಿವಾರ ಸ್ಟೋರ್ಸಿಗೆ ಹೋದದ್ದರಿಂದ.

ಇದೇ ನಾಲ್ಕು ಮಾತು ಪರ್ಚೇಸಿನವರಿಗೆ ಮೈ ಉರಿಸುತ್ತದೆ. ದಾರಿ ತೋರಿಸದೆ ತೀರ್ಮಾನ ಹೇಳಿದರೆ ಅವರಿಗೆ ಅನುಮಾನ. ಒಂದೇ ಉಸಿರಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡಲು ಹೋಗಿಯೇ ಹೆಚ್ಚಿನವರು ಸೋಲುವುದು. ಮಾಡುವುದೇ ಬೇಡ. ಬಾಯಿಮಾತು ಪ್ರೊಡಕ್ಷನ್‌ಗೆ ಇರಲಿ, ಕಾಗದ ಪರ್ಚೇಸಿಗೆ. ಶಿಫ್ಟ್‌ವಾರು ರಿಜೆಕ್ಷನ್, ಎರಡೂ ಹೀಟ್‌ಗಳ ಗಡಸುತನದ ಅಳತೆ, ಸಪ್ಲೈಯರ್ ಕೊಟ್ಟ ಟೆಸ್ಟ್ ಸರ್ಟಿಫಿಕೇಟಿನ ಅಂಕಿ, ಎಲ್ಲ ಸೇರಿ ಒಂದೇ ಹಾಳೆ ಶನಿವಾರ ಸಂಜೆ ಅವರ ಕೈಸೇರಲಿ. ಯೋಚಿಸಿ ಮಾತಾಡುವವರಿಗೆ ರಾತ್ರಿ ಕಳೆಯಲು ಸಮಯ ಕೊಡಬೇಕು. ಪರದೆಯ ಮೇಲೆ ಮೊದಲ ಸಲ ಕಂಡ ಗ್ರಾಫ್‌ಗೆ ಸ್ಥಳದಲ್ಲೇ ಹೂಂ ಅನ್ನಿ ಎಂದರೆ ಅವರು ‘ಡೇಟಾ ಎಲ್ಲಿ?’ ಎನ್ನದೆ ಇನ್ನೇನು ಅಂದಾರು?

ಆದರೆ ಒಂದು ಪರೀಕ್ಷೆ ಮಾಡಿ. ‘ಯಾವ ಅಂಕಿ ನೋಡಿದರೆ ನಿಮಗೆ ಒಪ್ಪಿಗೆ ಆಗುತ್ತೆ ಸರ್?’ ಎಂದು ನೇರವಾಗಿ ಕೇಳಿ. ಇಂಥದ್ದು ಎಂದು ಹೇಳಿ, ಅದನ್ನು ಕೊಟ್ಟ ಮೇಲೆ ಒಪ್ಪಿದರೆ ಅವರು ನಿಜವಾಗಿಯೂ ಅಂಕಿ ಬೇಕಾದ ಮನುಷ್ಯ. ಕೊಟ್ಟಷ್ಟೂ ಇನ್ನೊಂದು ಕೇಳುತ್ತಾ ಹೋದರೆ ವಿಷಯ ಬೇರೆ. ಆ ಹೊಸ ಸಪ್ಲೈಯರನ್ನು ಕಡಿಮೆ ರೇಟಿಗೆ ಹಿಡಿದು ತಂದವರು ಅವರೇ ಆಗಿರಬಹುದು. ಲಾಟ್ ಕೆಟ್ಟದ್ದು ಎಂದು ಒಪ್ಪಿದರೆ ಪುಣೆಯವರ ಮುಂದೆ ಅವರ ಉಳಿತಾಯದ ಹೆಮ್ಮೆಯೂ ಹೋಯಿತು. ಅದಕ್ಕೆ ‘ನೀಲಿ’ ಎಂದು ಹೆಸರಿಟ್ಟು ಇನ್ನಷ್ಟು ಗ್ರಾಫ್ ಕೊಟ್ಟರೆ ಪ್ರಯೋಜನವಿಲ್ಲ. ಮೀಟಿಂಗಿಗೆ ಮೊದಲೇ ಅವರ ಟೇಬಲ್ ಹತ್ತಿರ ಕೂತು, ‘ಈ ಒಂದು ಹೀಟ್‌ನಲ್ಲಿ ಮಾತ್ರ ತೊಂದರೆ ಕಾಣ್ತಿದೆ, ಸಪ್ಲೈಯರ್ ಜೊತೆ ನೀವು ಮಾತಾಡಿದ್ರೆ ಬೇಗ ಆಗುತ್ತೆ’ ಎನ್ನಿ. ಸತ್ಯ ಅಷ್ಟೇ ಇದ್ದರೆ ಮಾತ್ರ. ಸಪ್ಲೈಯರೇ ಸರಿಯಿಲ್ಲದಿದ್ದರೆ ಅದನ್ನೂ ಮೊದಲು ಅವರಿಗೇ, ಒಂಟಿಯಾಗಿ ಹೇಳಿ. ಹತ್ತು ಜನರೆದುರು ಕೇಳಿಸಿಕೊಂಡರೆ ಯಾವ ಸ್ವಭಾವದವರೂ ಬಗ್ಗುವುದಿಲ್ಲ.

ಮಾರ್ಕೆಟಿಂಗ್ ಹುಡುಗನ ವಿಷಯ ಇಷ್ಟು ಕಷ್ಟವಿಲ್ಲ. ಅವನು ಮಾತಾಡುತ್ತಾ ಯೋಚಿಸುವವನು. ತಡೆದರೆ ಯೋಚನೆಯೂ ನಿಲ್ಲುತ್ತದೆ. ಆರಂಭದಲ್ಲೇ ಅವನಿಗೆ ಒಂದು ಜಾಗ ಕೊಡಿ, ‘ಕಸ್ಟಮರ್ ಕಡೆಯಿಂದ ಈ ವಾರ ಏನು ಬಂತು, ಮೂರು ನಿಮಿಷ’ ಅಂತ. ಊರು ಸುತ್ತಲು ಹೊರಟಾಗ ‘ಇದರಲ್ಲಿ ನಮ್ಮಿಂದ ಏನಾಗಬೇಕಪ್ಪ?’ ಎಂದು ಕೇಳಿ. ಮಾರ್ಕರ್ ಕೈಗೆ ಕೊಟ್ಟು ಬೋರ್ಡಿನ ಮೇಲೆ ಬರೆಯಲು ಹೇಳಿದರೆ ಮಾತು ತಾನಾಗಿ ಅರ್ಧಕ್ಕಿಳಿಯುತ್ತದೆ. ಎಲ್ಲರಿಂದ ಐಡಿಯಾ ಬೇಕಾದ ದಿನ ಮಾತ್ರ ಚರ್ಚೆಗೆ ಮೊದಲು ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ನಾಲ್ವರು ಒಟ್ಟಿಗೆ ಕೂತು ಹೊಳೆಸಿಕೊಂಡದ್ದಕ್ಕಿಂತ ಅಷ್ಟೇ ಜನ ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದಾಗ ಹೆಚ್ಚು ಐಡಿಯಾ ಸಿಕ್ಕವು. ಕನ್ನಡದಲ್ಲಿ ಬರೆದ ಚೀಟಿಯೂ ನಡೆಯುತ್ತದೆ ಎಂದು ಬಾಯಿಬಿಟ್ಟು ಹೇಳಿ.

ನಾಟಕ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಡಾಕ್ಟರ್ ಹೇಳಿದ್ದನ್ನು ಅಜ್ಜಿಗೆ ಒಂದು ಥರ ಹೇಳುತ್ತೇವೆ, ದೂರದೂರಿನಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಇನ್ನೊಂದು ಥರ. ಇಬ್ಬರಿಗೂ ಹೇಳುವ ಮಾತ್ರೆಯ ಲೆಕ್ಕ ಒಂದೇ. ಕ್ರಮ, ಭಾಷೆ, ಸಮಯ ಬದಲಿಸುವುದು ನಾಟಕವಲ್ಲ; ಅಂಕಿ ಬದಲಾದರೆ ಅದು ನಾಟಕಕ್ಕಿಂತ ಕೆಟ್ಟದ್ದು. ಪರ್ಚೇಸಿನವರಿಗೆ ಶನಿವಾರ ಹೇಳಿದ್ದನ್ನು ಸೋಮವಾರ ಪ್ರೊಡಕ್ಷನ್‌ನವರೆದುರು ಅದೇ ಅರ್ಥದಲ್ಲಿ ಹೇಳಲು ಮುಜುಗರವಾಗುವುದಿಲ್ಲ ತಾನೇ? ಆಗುತ್ತದೆ ಅಂದರೆ ಎಲ್ಲೋ ಒಂದು ಕಡೆ ಮಸಾಲೆ ಸೇರಿದೆ. ಇದರಿಂದ ನಿಮಗೆ ಸುಸ್ತಾಗುತ್ತದೆ ಎಂಬುದೂ ನಿಜ. ನಾಲ್ವರಿಗೂ ಒಂದೇ ವಾರ ಶುರುಮಾಡಬೇಡಿ. ಮೊದಲ ತಿಂಗಳು ಸ್ಟೋರ್ಸಿನ ಭೇಟಿ ಮತ್ತು ಆ ಒಂದು ಹಾಳೆ, ಇಷ್ಟೇ ಸಾಕು.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ನನಗೆ ಪೂರ್ತಿ ಸ್ಪಷ್ಟವಾಗದ ಒಂದು ವಿಷಯ. ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರ ಮಾತನ್ನೂ ಕತ್ತರಿಸುತ್ತಾರೋ, ನಿಮ್ಮದನ್ನು ಮಾತ್ರವೋ? ಮೂರು–ನಾಲ್ಕು ಸೋಮವಾರ ನೋಟ್‌ಬುಕ್ಕಿನ ಮೂಲೆಯಲ್ಲಿ ಗೀಟು ಹಾಕಿಕೊಂಡು ನೋಡಿ. ಪರ್ಚೇಸಿನವರಿಗೂ ಪುಣೆಯವರಿಗೂ ‘ಪಾಯಿಂಟಿಗೆ ಬನ್ನಿ’ ಬೀಳುತ್ತಿದ್ದರೆ ಅದು ಅವರ ಧಾಟಿ, ಮೇಲೆ ಹೇಳಿದ ನಾಲ್ಕು ಮಾತಿನ ಉಪಾಯ ಕೆಲಸ ಮಾಡುತ್ತದೆ. ಹೊಸದಾಗಿ ಮೇಲೆ ಬಂದ, ವಯಸ್ಸಿನಲ್ಲಿ ಚಿಕ್ಕವರಾದ, ಹೆಂಗಸಾದ ನಿಮಗೆ ಮಾತ್ರ ಬೀಳುತ್ತಿದ್ದರೆ ಅದನ್ನು ಸ್ವಭಾವ ಎಂದು ಕರೆದು ನೀವು ಹೊಂದಿಕೊಳ್ಳಬೇಕಾಗಿಲ್ಲ. ಸ್ಥಳದಲ್ಲೇ ‘ಈ ಮಾತು ಮುಗಿಸಿ ನಿಮ್ಮ ಹತ್ತಿರ ಬರ್ತೀನಿ ಸರ್’ ಎಂದು ದನಿ ಏರಿಸದೆ, ತಡೆಯದೆ ಮುಂದುವರಿಸಿ. ಆಮೇಲೆ ಒಂದು ಸಲ ಅವರ ಕ್ಯಾಬಿನ್‌ನಲ್ಲಿ ಒಬ್ಬರೇ ಕೂತು ಹೇಳಿ. ಅದಕ್ಕೂ ಜಗ್ಗದಿದ್ದರೆ ಪ್ಲಾಂಟ್ ಹೆಡ್ ಹತ್ತಿರ ಹೋಗಿ, ಆದರೆ ‘ಅವರು ಒರಟರು ಸರ್’ ಎಂದು ಶುರುಮಾಡಬೇಡಿ. ಇಂಥ ತಾರೀಖಿನ ಮೀಟಿಂಗಿನಲ್ಲಿ ರಿಜೆಕ್ಷನ್ ವಿಷಯ ಅರ್ಧಕ್ಕೇ ನಿಂತಿತು, ಹೋಲ್ಡ್ ಆಗಬೇಕಿದ್ದ ಲಾಟ್ ಅವತ್ತು ಮಧ್ಯಾಹ್ನವೇ ಗೇಟ್ ದಾಟಿತು ಎಂದು ಶುರುಮಾಡಿ. ಇನ್‌ವಾಯ್ಸ್ ನಂಬರ್ ಕೈಲಿರಲಿ.